ಧಾರವಾಡದಿಂದ ಲೆಸ್ಟರ್‌ಗೆ ಒಂದು ಬಾಣಂತನದ ಪೆಟ್ಟಿಗೆ: ಕಸ್ಟಮ್ಸ್ ಫಾರಂ ತುಂಬಿದ ಪ್ರಕರಣ

ಸಣ್ಣ ರಫ್ತುದಾರರ ಕಾಗದಪತ್ರ ಮಾಡಿಕೊಡುವುದು ನನ್ನ ಕೆಲಸ. ಮನೆಮಂದಿಯ ಪಾರ್ಸೆಲ್‌ಗಳಿಗೆ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಅದರಲ್ಲಿ ದುಡ್ಡಿಲ್ಲ, ಮಾತು ಜಾಸ್ತಿ. ಆದರೆ ಈ ಪ್ರಕರಣ ಗೆಳೆಯನ ಮನೆಯದು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬಿಟ್ಟು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಒಂದು ಮನೆ, ಒಂದು ವಿಳಾಸ, ಹೆಚ್ಚುಕಡಿಮೆ ಒಂದೇ ಸಾಮಾನು. ಎರಡು ಸಲ ಎರಡು ರೀತಿಯ ಕಾಗದ ಹೊತ್ತು ಹೋಯಿತು. ಕಾಗದ ಬದಲಾದರೆ ಏನೇನು ಬದಲಾಗುತ್ತದೆ ಎಂದು ಇಷ್ಟು ಚೊಕ್ಕವಾಗಿ ತೋರಿಸುವ ಉದಾಹರಣೆ ಅಪರೂಪ.

ಮನೆ ಧಾರವಾಡದಲ್ಲಿ. ಮಗಳು, ಅಳಿಯ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾರೆ. ಮಗಳಿಗೆ ಎರಡನೇ ಹೆರಿಗೆ. ತಾಯಿಗೆ ಮಂಡಿಯ ತೊಂದರೆ, ಅಷ್ಟು ದೂರದ ಪ್ರಯಾಣ ಸದ್ಯಕ್ಕೆ ಬೇಡ ಎಂದಿದ್ದರು ಡಾಕ್ಟರು. ಹಾಗಾಗಿ ಬಾಣಂತನ ಮಾಡಲು ತಾಯಿ ಹೋಗುವ ಬದಲು ಪೆಟ್ಟಿಗೆ ಹೋಯಿತು. ತುಪ್ಪ, ಅಂಟಿನುಂಡಿ, ಉತ್ತತ್ತಿ, ಒಣಕೊಬ್ಬರಿ, ಅಳ್ವಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಪೇಡೆ, ಕಾಡಿಗೆ, ಬಜೆ, ಕುಂಚಿಗಿ, ಜಬಲಾ, ಮಗಳಿಗೊಂದು ಸೀರೆ.

ಮೊದಲ ಪೆಟ್ಟಿಗೆ

ಅದನ್ನು ಒಬ್ಬ ಖಾಸಗಿ ಏಜೆಂಟರ ಮೂಲಕ ಕಳಿಸಿದ್ದರು. ಅವರು ಮನೆಗೇ ಬಂದು ತೂಕ ಮಾಡಿ, ಪ್ಯಾಕ್ ಮಾಡಿ, ಖಾಲಿ ಫಾರಂ ಮೇಲೆ ಕಾಕು ಅವರ ಸಹಿ ಹಾಕಿಸಿಕೊಂಡು ಹೋದರು. (ಗೆಳೆಯನ ತಾಯಿಯನ್ನು ನಾವೆಲ್ಲ ಕಾಕು ಎಂದೇ ಕರೆಯುವುದು.) ಆಮೇಲೆ ಆ ಫಾರಂನಲ್ಲಿ ಬರೆದದ್ದು ಇಷ್ಟು: ‘ಹೌಸ್‌ಹೋಲ್ಡ್ ಐಟಮ್ಸ್, ಗಿಫ್ಟ್, 10 ಡಾಲರ್’. ಒಂಬತ್ತು ಕಿಲೋಗೆ ಹತ್ತಿರದ ಪೆಟ್ಟಿಗೆಗೆ ಒಂದೇ ಸಾಲು.

ಬ್ರಿಟನ್ನಿನಲ್ಲಿ ಪೆಟ್ಟಿಗೆ ನಿಂತಿತು, ತೆರೆದರು. ಯುರೋಪಿನ ಆಚೆಯ ಬಹುತೇಕ ದೇಶಗಳಿಂದ ಮಾಂಸ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಖಾಸಗಿ ಬಳಕೆಗೆಂದು ಅಂಚೆಯಲ್ಲಿ ಕಳಿಸುವುದಕ್ಕೆ ಅಲ್ಲಿ ಅನುಮತಿ ಇಲ್ಲ. ಕಾರಣ ಪ್ರಾಣಿರೋಗದ ಭಯ; ಕಾಲುಬಾಯಿ ರೋಗದಿಂದ 2001ರಲ್ಲಿ ಆ ದೇಶ ಲಕ್ಷಾಂತರ ದನ, ಕುರಿಗಳನ್ನು ಕೊಲ್ಲಬೇಕಾಗಿ ಬಂದಿತ್ತು. ನಮ್ಮ ತುಪ್ಪ ಎಷ್ಟೇ ಚೆನ್ನಾಗಿ ಕಾಯಿಸಿದ್ದರೂ ಅವರ ಪಟ್ಟಿಯಲ್ಲಿ ಅದು ಹಾಲಿನ ಪದಾರ್ಥವೇ. ತುಪ್ಪ, ಪೇಡೆ, ತುಪ್ಪದಲ್ಲಿ ಕಟ್ಟಿದ ಉಂಡಿ ಮೂರೂ ಹೋದವು. ನಾಶ ಮಾಡಿದ್ದೇವೆ ಎಂಬ ಚೀಟಿಯೊಂದಿಗೆ ಉಳಿದ ಸಾಮಾನು ತಡವಾಗಿ ಮನೆ ಸೇರಿತು. ಹತ್ತು ಡಾಲರ್ ಎಂಬ ಬೆಲೆಯನ್ನೂ ಅವರು ನಂಬಲಿಲ್ಲ. ಸೀರೆ ಕಣ್ಣೆದುರಿಗೇ ಇತ್ತಲ್ಲ. ತಾವೇ ಒಂದು ಬೆಲೆ ಕಟ್ಟಿ ವ್ಯಾಟ್ ಎಂಬ ಮಾರಾಟ ತೆರಿಗೆ ಹಾಕಿದರು. ಹೋದ ಸಾಮಾನಿಗೆ ಪರಿಹಾರ ಕೇಳುವ ಹಾಗೂ ಇರಲಿಲ್ಲ. ನಿಷೇಧಿತ ವಸ್ತುವಿಗೆ ಯಾರೂ ಪರಿಹಾರ ಕೊಡುವುದಿಲ್ಲ, ಕೊಟ್ಟರೂ ಹತ್ತು ಡಾಲರಿನ ಮೇಲೆ ಒಂದು ಸೆಂಟೂ ಕೊಡುತ್ತಿರಲಿಲ್ಲ.

ಏಜೆಂಟರನ್ನು ಕೇಳಿದರೆ ‘ಫಾರಂ ಮೇಲೆ ಸಹಿ ನಿಮ್ಮದೇ ಐತಲ್ರಿ’ ಅಂದರಂತೆ. ಕೇಳಲು ಕಹಿಯಾದರೂ ಕಾನೂನಿನ ಲೆಕ್ಕದಲ್ಲಿ ಅದು ಸರಿ. ಕಸ್ಟಮ್ಸ್ ಡಿಕ್ಲರೇಷನ್‌ನ ಕೊನೆಗೆ ಸಣ್ಣ ಅಕ್ಷರದಲ್ಲಿ ‘ಇಲ್ಲಿ ಕೊಟ್ಟ ವಿವರ ನಿಜ, ಇದರಲ್ಲಿ ಅಪಾಯಕಾರಿ ಅಥವಾ ನಿಷೇಧಿತ ವಸ್ತು ಇಲ್ಲ’ ಎಂದು ಕಳಿಸುವವರೇ ಪ್ರಮಾಣ ಮಾಡಿರುತ್ತಾರೆ. ಬರೆದವರು ಯಾರೇ ಇರಲಿ, ಹೊಣೆ ಸಹಿ ಹಾಕಿದವರದು.

ಎರಡನೇ ಸಲ, ಈ ಬಾರಿ ಅಂಚೆಯಲ್ಲಿ, ಕಳಿಸಲು ಕೂತಾಗ ಗೆಳೆಯ ನನ್ನನ್ನು ಕರೆದ.

ಏನು ಬಿಟ್ಟೆವು, ಯಾಕೆ

ಫಾರಂ ತುಂಬುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ ಕೂರಬೇಕು. ಹಾಗೇ ಮಾಡಿದೆವು.

ತುಪ್ಪದ ವಿಷಯಕ್ಕೆ ಕಾಕು ಬಹಳ ಹೊತ್ತು ಒಪ್ಪಲಿಲ್ಲ. ‘ತುಪ್ಪ ಇಲ್ಲದ ಬಾಣಂತನ ಎಂಥಾದ್ದೋ ತಮ್ಮಾ?’ ಎಂದರು. ಲೆಸ್ಟರ್‌ನ ಬೆಲ್‌ಗ್ರೇವ್ ರಸ್ತೆಯ ತುಂಬ ಗುಜರಾತಿ ಅಂಗಡಿಗಳಿವೆ, ಡಬ್ಬಿ ಡಬ್ಬಿ ತುಪ್ಪ ಸಿಗುತ್ತದೆ ಎಂದು ಮಗಳೇ ಫೋನಿನಲ್ಲಿ ಹೇಳಿದ ಮೇಲೆ ಅರ್ಧ ಮನಸ್ಸಿನಿಂದ ಬಿಟ್ಟರು. ಪೇಡೆಯ ಬಗ್ಗೆ ವಾದವೇ ಬೇಡ, ಅದು ಪೂರ್ತಿ ಹಾಲಿನದು.

ಅಂಟಿನುಂಡಿಗೆ ಒಂದು ದಾರಿ ಹೊಳೆದದ್ದು ಕಾಕು ಅವರಿಗೇ. ಉಂಡಿಯನ್ನು ಕಟ್ಟಿ ಕಳಿಸಿದರೆ ತುಪ್ಪ ಒಳಗಿರುತ್ತದೆ. ಬಿಡಿಯಾಗಿ ಕಳಿಸಿದರೆ ಇರುವುದಿಲ್ಲ. ಅಂಟನ್ನು ಹಸಿಯಾಗಿಯೇ ಒಂದು ಪೊಟ್ಟಣ, ಬೀಜ ತೆಗೆದ ಉತ್ತತ್ತಿ ಒಂದು ಪೊಟ್ಟಣ, ಹೆರೆದು ಹುರಿದ ಒಣಕೊಬ್ಬರಿ ಒಂದು ಪೊಟ್ಟಣ. ಬೆಲ್ಲ, ತುಪ್ಪ ಅಲ್ಲೇ ಕೊಳ್ಳುವುದು, ಅಂಟು ಅಲ್ಲೇ ಕರಿಯುವುದು, ಅಳಿಯ ಉಂಡಿ ಕಟ್ಟುವುದು. ಕಾಗದದ ದೃಷ್ಟಿಯಿಂದ ಇದು ಬಹಳ ಜಾಣ ಪರಿಹಾರ. ‘ಸಿಹಿತಿಂಡಿ’ ಎಂಬ ಅನುಮಾನದ ಸಾಲು ಹೋಗಿ, ಹೆಸರು ಹೇಳಿದರೆ ಯಾರಿಗಾದರೂ ಅರ್ಥವಾಗುವ ಮೂರು ಒಣ ಪದಾರ್ಥಗಳ ಸಾಲು ಬಂದವು.

ಅಳ್ವಿ ಬೀಜದಲ್ಲಿ ಬೇರೆ ತೊಡಕು. ನಮಗೆ ಅದು ಪಾಯಸದ ಸಾಮಾನು. ಎಕ್ಸ್‌ರೇ ಪರದೆಯ ಮುಂದೆ ಕೂತ ಅಧಿಕಾರಿಗೆ ಅದು ಮಣ್ಣಿಗೆ ಬಿದ್ದರೆ ಮೊಳೆಯುವ ಬೀಜ. ಬಿತ್ತನೆಯ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತಿನ್ನುವ ಬೀಜ ಯಾವುದು ಬಿತ್ತುವ ಬೀಜ ಯಾವುದು ಎಂದು ಪೊಟ್ಟಣ ನೋಡಿ ಹೇಳಲು ಬರುವುದಿಲ್ಲ. ಹುರಿದು ಪುಡಿ ಮಾಡಿಸಿದೆವು. ಹಸಿ ವೀಳ್ಯದೆಲೆಯನ್ನು ಇದೇ ಕಾರಣಕ್ಕೆ ಬಿಟ್ಟೆವು. ತಮಾಷೆಯೆಂದರೆ ತೆಂಗಿನಕಾಯಿಗೆ ಆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಕಿಲೋ ಲೆಕ್ಕದಲ್ಲಿ ಅಂಚೆ ಕೂಲಿ ಕೊಟ್ಟು ತೆಂಗಿನಕಾಯಿ ಕಳಿಸುವ ಶ್ರೀಮಂತಿಕೆ ಯಾರಿಗೂ ಬೇಡ.

ಮಡಿಲಕ್ಕಿ ಹಾಕಲೇ ಎಂದು ಕೇಳಿದರು. ಇಂಥ ಪ್ರಶ್ನೆ ಬಂದಾಗ ಹೋಗುವ ದೇಶದ ನಿಯಮವಷ್ಟೇ ನೋಡಿದರೆ ಸಾಲದು, ಹೊರಡುವ ದೇಶದ್ದೂ ನೋಡಬೇಕು. 2023ರ ಜುಲೈಯಿಂದ 2024ರ ಸೆಪ್ಟೆಂಬರ್‌ವರೆಗೆ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೆ ಭಾರತವೇ ನಿಷೇಧ ಹಾಕಿತ್ತು. ಈಗ ಅದಿಲ್ಲ. ಆದರೂ ಬೇಡವೆಂದೆ, ಅಕ್ಕಿ ಅಲ್ಲಿ ಮೂಲೆ ಮೂಲೆಗೂ ಸಿಗುತ್ತದೆ, ಶಾಸ್ತ್ರಕ್ಕೆ ಅಲ್ಲಿಯ ಅಕ್ಕಿಯೂ ಅಕ್ಕಿಯೇ.

ಕಾಡಿಗೆ, ಬಜೆ, ಬಾಣಂತಿ ಲೇಹ್ಯ ಮೂರನ್ನೂ ನಾನು ಒತ್ತಾಯ ಮಾಡಿಯೇ ತೆಗೆಸಿದೆ. ಕಾಡಿಗೆ, ಸುರುಮಾಗಳಲ್ಲಿ ಸೀಸ ಇರುವುದರ ಬಗ್ಗೆ ಬ್ರಿಟನ್ನಿನ ಆರೋಗ್ಯ ಇಲಾಖೆಗಳು ವರ್ಷಗಳಿಂದ ಎಚ್ಚರಿಸುತ್ತ ಬಂದಿವೆ. ಮನೆಯ ಕಾಡಿಗೆಯಲ್ಲಿ ಸೀಸ ಇಲ್ಲ ಎಂದು ಕಾಕು ಹೇಳಬಹುದು, ಪೆಟ್ಟಿಗೆ ಹೇಳಲಾರದು. ಬಜೆ ಬೇರಿಗೆ ಅಮೆರಿಕದಲ್ಲಿ 1968ರಿಂದ ಆಹಾರ ಪದಾರ್ಥವಾಗಿ ನಿಷೇಧವಿದೆ. ಬ್ರಿಟನ್ ಅಮೆರಿಕವಲ್ಲ ನಿಜ, ಆದರೆ ಕೂಸಿನ ನಾಲಿಗೆಗೆ ತೇಯ್ದು ಹಚ್ಚುವ ಬೇರನ್ನು ಫಾರಂನಲ್ಲಿ ಏನೆಂದು ಬರೆಯುವುದು? ಒಂದು ವಸ್ತುವನ್ನು ಒಂದು ಸಾಲಿನಲ್ಲಿ ನೆಮ್ಮದಿಯಿಂದ ಬರೆಯಲು ಬರುವುದಿಲ್ಲ ಎಂದಾದರೆ ನಾನು ಅದನ್ನು ಪೆಟ್ಟಿಗೆಗೆ ಹಾಕಿಸುವುದಿಲ್ಲ. ಲೇಹ್ಯದಲ್ಲಿ ತುಪ್ಪವೂ ಇತ್ತು, ಔಷಧಿ ಎಂಬ ಪ್ರಶ್ನೆಯೂ ಇತ್ತು. ಕೂಸಿನ ಬೆಳ್ಳಿ ಕಡಗ ಮನೆಯಲ್ಲೇ ಉಳಿಯಿತು. ಅದು ಯಾರಾದರೂ ಹೋಗುವಾಗ ಕೈಯಲ್ಲಿ ಹೋಗಲಿ. ಹಾಡು ಹೇಳುವ ಗೊಂಬೆಯೊಂದಿತ್ತು, ಬ್ಯಾಟರಿ ಇದ್ದದ್ದರಿಂದ ಅದನ್ನೂ ಬಿಟ್ಟು ಚನ್ನಪಟ್ಟಣದ ಮರದ ಗಾಡಿ ತಂದರು.

ಗೆಳತಿಯ ಸೀರೆ

ಹರಡಿದ ಸಾಮಾನಿನಲ್ಲಿ ಮೂರು ಇಳಕಲ್ ಸೀರೆ ಇದ್ದವು. ಒಂದು ಮಗಳಿಗೆ. ಉಳಿದೆರಡು ಯಾರಿಗೆ ಎಂದು ಕೇಳಿದೆ. ಮಗಳ ಆಫೀಸಿನ ಗೆಳತಿಗೆ, ಅವಳು ದುಡ್ಡು ಮೊದಲೇ ಕೊಟ್ಟಿದ್ದಾಳೆ ಎಂದರು. ಎಲ್ಲರೂ ಸಹಜವಾಗಿ ಹೇಳಿಬಿಡುವ ಮಾತು ಇದು. ಪ್ರಕರಣದ ನಿಜವಾದ ಗಂಟು ಇಲ್ಲೇ ಇತ್ತು.

ಬ್ರಿಟನ್ನಿನ ನಿಯಮದಲ್ಲಿ ಉಡುಗೊರೆ ಎನ್ನಿಸಿಕೊಳ್ಳಬೇಕಾದರೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಕಳಿಸಿರಬೇಕು, ಹುಟ್ಟುಹಬ್ಬದಂಥ ಒಂದು ಸಂದರ್ಭಕ್ಕೆ ಇರಬೇಕು, ಸ್ವಂತ ಬಳಕೆಗೆ ಇರಬೇಕು, ಡಿಕ್ಲರೇಷನ್‌ನಲ್ಲಿ ಉಡುಗೊರೆ ಎಂದು ಬರೆದಿರಬೇಕು. ಪಡೆಯುವವಳೇ ದುಡ್ಡು ಕೊಟ್ಟ ವಸ್ತು ಉಡುಗೊರೆಯಲ್ಲ, ಮಾರಾಟ. ಅದನ್ನು ಉಡುಗೊರೆಯ ಪೆಟ್ಟಿಗೆಯೊಳಗೆ ತುರುಕಿದರೆ ಇಡೀ ಪೆಟ್ಟಿಗೆಯ ಮಾತು ಸುಳ್ಳಾಗುತ್ತದೆ. ಮೂರು ಒಂದೇ ಬಗೆಯ ಹೊಸ ಸೀರೆ ಕಂಡ ಅಧಿಕಾರಿಗೂ ವ್ಯಾಪಾರದ ವಾಸನೆ ಬರದೇ ಇರುವುದಿಲ್ಲ.

ಮಾರಾಟ ಎಂದು ಕಳಿಸಲು ಹೋದರೆ ಈ ಕಡೆ, ಆ ಕಡೆ ಎರಡೂ ಕಡೆ ಕಾಗದ ಬೆಳೆಯುತ್ತದೆ. ಇಲ್ಲಿಂದ ವ್ಯಾಪಾರದ ಸರಕು ಹೊರಡಬೇಕಾದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಐಇಸಿ (ಆಮದು-ರಫ್ತುದಾರರ ಸಂಖ್ಯೆ) ಬೇಕು, ಅಂಚೆಯಲ್ಲಾದರೆ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಎಂಬ ರಫ್ತು ಪತ್ರ ಸಲ್ಲಿಸಬೇಕು. 2022ರ ಡಿಸೆಂಬರ್‌ನಿಂದ ಇದನ್ನು ಆನ್‌ಲೈನ್‌ನಲ್ಲೇ ಸಲ್ಲಿಸುವ ವ್ಯವಸ್ಥೆ ಬಂದಿದೆ, ಅಂಚೆ ಇಲಾಖೆಯ ರಫ್ತು ಕೇಂದ್ರಗಳಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ನೆರವೂ ಸಿಗುತ್ತದೆ. ಅಲ್ಲಿ 2021ರ ಜನವರಿ 1ರಿಂದ, 135 ಪೌಂಡ್‌ವರೆಗಿನ ಸರಕನ್ನು ನೇರವಾಗಿ ಗ್ರಾಹಕರಿಗೆ ಮಾರುವ ವ್ಯಾಪಾರಿಯೇ ಮಾರುವಾಗಲೇ ಬ್ರಿಟನ್ನಿನ ವ್ಯಾಟ್ ವಸೂಲು ಮಾಡಿ ಕಟ್ಟಬೇಕು. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರಿದರೆ ಆ ಹೊಣೆ ಮಾರುಕಟ್ಟೆಯದು. ಎರಡು ಸೀರೆಗೋಸ್ಕರ ಕಾಕು ರಫ್ತುದಾರರಾಗುವುದು ಹುಚ್ಚು ಕೆಲಸ. ಎರಡೂ ಸೀರೆಯನ್ನು ಅಂಗಡಿಗೆ ಹಿಂದಿರುಗಿಸಿ, ವಿದೇಶಕ್ಕೆ ಕಳಿಸುವ ನೋಂದಾಯಿತ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಕೊಳ್ಳುವಂತೆ ಗೆಳತಿಗೆ ತಿಳಿಸಲಾಯಿತು. ಅವಳಿಗೆ ಬೇಸರವಾಯಿತು, ಬೆಲೆಯೂ ಜಾಸ್ತಿಯಾಯಿತು. ಬೇರೆ ದಾರಿ ನನಗೆ ಕಾಣಲಿಲ್ಲ.

ಉಡುಗೊರೆಯ ಪೆಟ್ಟಿಗೆಗೆ ಭಾರತದ ಕಡೆ ಇಷ್ಟೆಲ್ಲ ಇಲ್ಲ. ವರ್ಷಕ್ಕೆ 5 ಲಕ್ಷ ರೂಪಾಯಿ ಬೆಲೆಯವರೆಗಿನ ವಸ್ತುಗಳನ್ನು, ತಿನಿಸೂ ಸೇರಿ, ಉಡುಗೊರೆಯಾಗಿ ಹೊರದೇಶಕ್ಕೆ ಕಳಿಸಲು ವಿದೇಶ ವ್ಯಾಪಾರ ನೀತಿ ಅವಕಾಶ ಕೊಟ್ಟಿದೆ. ಗುರುತಿನ ಚೀಟಿಯ ಪ್ರತಿ ಇದ್ದರೆ ಸಾಕು.

ಮೂವರ ಹೆಸರು

ಬ್ರಿಟನ್ನಿನಲ್ಲಿ ಉಡುಗೊರೆಗೆ 39 ಪೌಂಡ್‌ವರೆಗೆ ವ್ಯಾಟ್ ಇಲ್ಲ. ನಮ್ಮ ಪೆಟ್ಟಿಗೆಯ ಒಟ್ಟು ಬೆಲೆ 11,400 ರೂಪಾಯಿ, ಪೌಂಡಿಗೆ 115 ರೂಪಾಯಿಯಂತೆ ಹಿಡಿದರೆ ಸುಮಾರು 99 ಪೌಂಡ್. ಮೇಲ್ನೋಟಕ್ಕೆ ಮಿತಿ ಮೀರಿದೆ. ಆದರೆ ಬಹಳ ಜನ ಗಮನಿಸದ ಒಂದು ಅಂಶವಿದೆ. ಒಂದೇ ಪೆಟ್ಟಿಗೆಯಲ್ಲಿ ಬೇರೆ ಬೇರೆ ವ್ಯಕ್ತಿಗಳಿಗೆ ಉಡುಗೊರೆ ಇದ್ದು, ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಸುತ್ತಿ, ಡಿಕ್ಲರೇಷನ್‌ನಲ್ಲಿ ಬೇರೆ ಬೇರೆ ಬೆಲೆಯೊಂದಿಗೆ ನಮೂದಿಸಿದ್ದರೆ ಆ 39 ಪೌಂಡ್ ವಿನಾಯಿತಿ ಪ್ರತಿ ಉಡುಗೊರೆಗೂ ಬೇರೆಯಾಗಿ ಸಿಗುತ್ತದೆ.

ಮೂರು ಗಂಟು ಮಾಡಿದೆವು. ಕೂಸಿಗೆ ಕೌದಿ, ಕುಂಚಿಗಿ, ಜಬಲಾ: 2,100 ರೂಪಾಯಿ. ದೊಡ್ಡ ಮೊಮ್ಮಗನಿಗೆ ಮರದ ಗಾಡಿ, ಕನ್ನಡದ ಚಿತ್ರಪುಸ್ತಕ: 1,100. ಮಗಳಿಗೆ ಸೀರೆ ಮತ್ತು ತಿನ್ನುವ ಸಾಮಾನು: 8,200. ಮೊದಲೆರಡು ಗಂಟು ಮಿತಿಯೊಳಗೆ ಬಂದವು. ಮಗಳ ಗಂಟು ಸುಮಾರು 71 ಪೌಂಡ್, ಮಿತಿಯ ಹೊರಗೆ. ಅಳಿಯನ ಹೆಸರಿನಲ್ಲಿ ಚಟ್ನಿ, ಉತ್ತತ್ತಿ ಹಾಕಿದರೆ ಹೇಗೆ ಎಂದು ಗೆಳೆಯ ಕೇಳಿದ. ಹಾಕಿದರೂ ಸೀರೆಯೊಂದೇ 56 ಪೌಂಡ್ ಆಗುತ್ತದೆ, ಲಾಭವಿಲ್ಲ. ಬಾಣಂತಿಯ ತಿನಿಸನ್ನು ಅಳಿಯನ ಹೆಸರಿಗೆ ಬರೆಯುವುದು ನಿಜವೂ ಅಲ್ಲ.

ಹಾಗೆಂದು 71 ಪೌಂಡಿಗೂ ತೆರಿಗೆ ಬೀಳುತ್ತದೆ ಎಂದಲ್ಲ. ವ್ಯಾಟ್ ಬೀಳುವುದು ಆಯಾ ವಸ್ತುವಿನ ದರದಂತೆ. ಅಲ್ಲಿ ಬಹುತೇಕ ಆಹಾರ ಪದಾರ್ಥಕ್ಕೆ, ಮಕ್ಕಳ ಬಟ್ಟೆಗೆ, ಪುಸ್ತಕಕ್ಕೆ ದರ ಸೊನ್ನೆ. ಸೀರೆಗೆ 20 ಪ್ರತಿಶತ. ಇದಕ್ಕೇ ನಾನು ಸಾಲು ಸಾಲಾಗಿ ಬಿಡಿಸಿ ಬರೆಯಿರಿ ಎಂದು ಹಟ ಹಿಡಿಯುವುದು. ‘ಬಟ್ಟೆ ಮತ್ತು ತಿನಿಸು’ ಎಂದು ಒಟ್ಟಿಗೆ ಬರೆದರೆ ಯಾವುದಕ್ಕೆ ಎಷ್ಟು ದರ ಎಂದು ವಿಂಗಡಿಸಲು ಅಲ್ಲಿಯ ಸಿಬ್ಬಂದಿಗೆ ಆಧಾರವೇ ಇರುವುದಿಲ್ಲ. ಒಟ್ಟು ಬೆಲೆ 135 ಪೌಂಡಿನ ಕೆಳಗಿದ್ದದ್ದರಿಂದ ಕಸ್ಟಮ್ಸ್ ಸುಂಕದ ಪ್ರಶ್ನೆ ಬರಲಿಲ್ಲ.

ಫಾರಂನ ಸಾಲುಗಳು

ಅಂಚೆಯಲ್ಲಿ 2 ಕಿಲೋ ಒಳಗಿನ ಸಣ್ಣ ಪೊಟ್ಟಣಗಳಿಗೆ ಅಂಟಿಸುವ ಚಿಕ್ಕ ಚೀಟಿ ಸಿಎನ್ 22. ಪಾರ್ಸೆಲ್‌ಗೆ ಬಳಸುವ ದೊಡ್ಡ ಫಾರಂ ಸಿಎನ್ 23. ಎರಡೂ ವಿಶ್ವ ಅಂಚೆ ಒಕ್ಕೂಟದ ನಮೂನೆಗಳು, ಹಾಗಾಗಿ ಧಾರವಾಡದಲ್ಲಿ ತುಂಬಿದ್ದನ್ನು ಲೆಸ್ಟರ್‌ನಲ್ಲಿ ಅದೇ ಕ್ರಮದಲ್ಲಿ ಓದುತ್ತಾರೆ. ವಿವರ, ಎಷ್ಟು, ನಿವ್ವಳ ತೂಕ, ಬೆಲೆ. ಪಕ್ಕದಲ್ಲಿ ಎಚ್‌ಎಸ್ ಸಂಖ್ಯೆ (ಸರಕು ಯಾವ ಬಗೆಯದು ಎಂದು ಹೇಳುವ ಅಂಕಿ), ತಯಾರಾದ ದೇಶ. ಕೆಳಗೆ ಒಟ್ಟು ತೂಕ, ಒಟ್ಟು ಬೆಲೆ, ಅಂಚೆ ವೆಚ್ಚ, ಯಾವ ಬಗೆಯ ವಸ್ತು ಎಂಬ ಚೌಕಗಳು, ಷರಾ, ಸಹಿ. ಬರೆಯುವುದು ಇಂಗ್ಲಿಷ್‌ನಲ್ಲಿ, ಅಥವಾ ಫ್ರೆಂಚ್‌ನಲ್ಲಿ, ಅಥವಾ ಆ ದೇಶದವರು ಒಪ್ಪುವ ಭಾಷೆಯಲ್ಲಿ. ಫಾರಂನಲ್ಲಿ ಸಾಲುಗಳು ಕಮ್ಮಿ. ನಮ್ಮದು ಹತ್ತಕ್ಕೆ ಹೋಗಿದ್ದರಿಂದ ಅದೇ ಅಂಕಣಗಳ ಒಂದು ಹಾಳೆ ಟೈಪ್ ಮಾಡಿಸಿ ಲಗತ್ತಿಸಿದೆವು.

ಅದರಲ್ಲಿನ ಕೆಲವು ಸಾಲು ಇಲ್ಲಿವೆ:

‘ಶೇಂಗಾ ಚಟ್ನಿ’ಗೆ: ಡ್ರೈ ಸೀಸನಿಂಗ್ ಪೌಡರ್, ರೋಸ್ಟೆಡ್ ಪೀನಟ್, ಚಿಲ್ಲಿ, ಗಾರ್ಲಿಕ್, ಸಾಲ್ಟ್, ಹೋಮ್‌ಮೇಡ್ — 1 ಪ್ಯಾಕ್, 0.500 ಕೆ.ಜಿ., ರೂ. 300, 2103.90, ಇಂಡಿಯಾ.

ಕೌದಿಗೆ: ಬೇಬಿ ಕ್ವಿಲ್ಟ್, ಕಾಟನ್, ಹ್ಯಾಂಡ್‌ಸ್ಟಿಚ್ಡ್ — 1, 1.400 ಕೆ.ಜಿ., ರೂ. 1,200, 9404.40, ಇಂಡಿಯಾ.

ಗಾಡಿಗೆ: ವುಡನ್ ಟಾಯ್ ಕಾರ್ಟ್, ನೋ ಬ್ಯಾಟರಿ — 1, 0.450 ಕೆ.ಜಿ., ರೂ. 650, 9503.00, ಇಂಡಿಯಾ.

ಬರೀ ‘ಚಟ್ನಿ ಪೌಡರ್’ ಎಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಂದುಬಣ್ಣದ ಪುಡಿ, ಲೇಬಲ್ ಇಲ್ಲ, ಜಿಪ್ ಕವರಿನಲ್ಲಿದೆ. ತೆರೆಯದೆ ಬಿಡಬೇಕಾದರೆ ಅದೇನು ಎಂದು ಕಾಗದ ಪೂರ್ತಿ ಹೇಳಬೇಕು. ಶೇಂಗಾ ಇದೆ ಎನ್ನುವುದು ಅಲರ್ಜಿಯ ದೃಷ್ಟಿಯಿಂದಲೂ ಬರೆಯಲೇಬೇಕಾದ ಮಾತು. ಹಾಳೆಯಲ್ಲಿ ಬರೆದ ಅದೇ ಸಾಲನ್ನು ಚೀಟಿ ಮಾಡಿ ಪ್ರತಿ ಪೊಟ್ಟಣದ ಮೇಲೂ ಅಂಟಿಸಿದೆವು. ತೆರೆದರೂ ಕಾಗದ ಮತ್ತು ಪೊಟ್ಟಣ ಒಂದೇ ಮಾತು ಆಡುತ್ತವೆ. ಷರಾ ಅಂಕಣದಲ್ಲಿ ‘ಒಣ ಆಹಾರ, ಮನೆಯಲ್ಲಿ ತಯಾರಿಸಿದ್ದು, ಮಾಂಸ ಇಲ್ಲ, ಹಾಲಿನ ಪದಾರ್ಥ ಇಲ್ಲ’ ಎಂಬ ಅರ್ಥದ ಒಂದು ಸಾಲು ಹಾಕಿದೆ. ಇದನ್ನು ಯಾರೂ ಕಡ್ಡಾಯ ಮಾಡಿಲ್ಲ. ಭಾರತದ ಮನೆ ತಿನಿಸು ಎಂದರೆ ಅಧಿಕಾರಿಯ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಅದೇ ಆದ್ದರಿಂದ ನಾನು ಹಾಕುತ್ತೇನೆ.

ಎಚ್‌ಎಸ್ ಸಂಖ್ಯೆ ವಿಶ್ವ ಕಸ್ಟಮ್ಸ್ ಸಂಸ್ಥೆಯದು, 1988ರಿಂದ ಜಾರಿಯಲ್ಲಿದೆ. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ, ಅದರ ಮುಂದಿನವು ಆಯಾ ದೇಶದ್ದು. ಸಿಎನ್ 23 ಫಾರಂನ ಪ್ರಕಾರ ಅದು ವ್ಯಾಪಾರದ ವಸ್ತುಗಳಿಗೆ ಮಾತ್ರ ಬೇಕು, ಉಡುಗೊರೆಗೆ ಕಡ್ಡಾಯವಲ್ಲ. ಆದರೂ ಬರೆದೆ. ವಿವರ ಓದಿ ಅನುಮಾನ ಬಂದರೆ ಸಂಖ್ಯೆ ಬಗೆಹರಿಸುತ್ತದೆ.

ಸೀರೆಯ ಸಾಲಿಗೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಬಿಲ್ಲಿನಲ್ಲಿ ‘ಇಳಕಲ್ ಸೀರೆ 1’ ಎಂದಷ್ಟೇ ಇತ್ತು. ಹೊಲಿಯದ ಬಟ್ಟೆಯಾದ್ದರಿಂದ ಸೀರೆ ಸಿದ್ಧ ಉಡುಪಿನ ಗುಂಪಿಗೆ ಹೋಗುವುದಿಲ್ಲ, ನೇಯ್ದ ಬಟ್ಟೆಯ ಗುಂಪಿಗೆ ಹೋಗುತ್ತದೆ. ಅಲ್ಲಿ ನೂಲು ಯಾವುದು ಎನ್ನುವುದರ ಮೇಲೆ ಎಚ್‌ಎಸ್ ಪಟ್ಟಿಯ ಅಧ್ಯಾಯವೇ ಬದಲಾಗುತ್ತದೆ: ರೇಷ್ಮೆಯಾದರೆ 50, ಹತ್ತಿಯಾದರೆ 52. ಇಳಕಲ್ ಸೀರೆಯಲ್ಲಿ ಎರಡೂ ಇರಬಹುದು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ‘ತೋಪ್ ತೆನಿ’ ಎಂಬ ಕುಣಿಕೆಯ ಕಟ್ಟಿನಿಂದ ಜೋಡಿಸುವುದೇ ಆ ನೇಯ್ಗೆಯ ವಿಶೇಷ. ನಿಯಮವೇನೋ ಸರಳ: ಮಿಶ್ರ ಬಟ್ಟೆಯಲ್ಲಿ ತೂಕದಲ್ಲಿ ಯಾವ ನೂಲು ಹೆಚ್ಚೋ ಅದರ ಅಧ್ಯಾಯ. ಅಂಗಡಿಗೆ ಫೋನ್ ಮಾಡಿದೆವು. ಮೈ ಹತ್ತಿ, ಸೆರಗು ರೇಷ್ಮೆ ಎಂದರು. ತೂಕದಲ್ಲಿ ಹತ್ತಿಯೇ ಹೆಚ್ಚು, ಹಾಗಾಗಿ 52ನೇ ಅಧ್ಯಾಯ. ವಿವರದಲ್ಲಿ ‘ಹ್ಯಾಂಡ್‌ಲೂಮ್ ಸಾರಿ, ಕಾಟನ್ ಬಾಡಿ, ಸಿಲ್ಕ್ ಎಂಡ್‌ಪೀಸ್, ಅನ್‌ಸ್ಟಿಚ್ಡ್’ ಎಂದು ಬರೆದು, ನೂಲಿನ ವಿವರ ಹಾಕಿದ ಹೊಸ ಬಿಲ್ಲನ್ನು ತರಿಸಿಕೊಂಡೆ. ಒಂದು ಉಡುಗೊರೆಗೆ ಇಷ್ಟು ಯಾಕೆ ಎಂದು ಗೆಳೆಯ ನಕ್ಕ. ನನಗದು ರೂಢಿ, ಅಷ್ಟೇ.

ಬೆಲೆಯ ಜಗಳ

‘ಐನೂರು ಅಂತ ಬರೀರಲಾ, ಯಾರ ನೋಡ್ತಾರ?’ ಎಂದರು ಕಾಕು. ಊರಿಗೆ ಊರೇ ಹೀಗೆ ಬರೆಸುತ್ತದೆ ಎಂಬುದು ಅವರ ವಾದ. ಆರೂವರೆ ಸಾವಿರದ ಸೀರೆಗೆ ಐನೂರು ಬರೆದರೆ ಉಳಿಯುವುದು ಹನ್ನೊಂದು ಪೌಂಡ್ ಚಿಲ್ಲರೆ ತೆರಿಗೆ. ಕಳೆಯಬಹುದಾದದ್ದು ಏನು ಎಂದು ಅವರಿಗೆ ಮೊದಲ ಪೆಟ್ಟಿಗೆಯ ಕತೆಯನ್ನೇ ನೆನಪಿಸಿದೆ: ಕಳೆದುಹೋದರೆ ಪರಿಹಾರ ಬರೆದ ಬೆಲೆಗೆ, ಅನುಮಾನ ಬಂದರೆ ಬೆಲೆ ಕಟ್ಟುವವರು ಅವರು, ಹಾಗೆ ಕಟ್ಟಿದ ಬೆಲೆಯನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿ ಕಾಗದವೇ ಇಲ್ಲ. ಸುಳ್ಳು ಡಿಕ್ಲರೇಷನ್‌ಗೆ ಮುಟ್ಟುಗೋಲು, ದಂಡ ಎರಡೂ ಇವೆ. ಕಾಕು ಒಪ್ಪಿದ್ದು ಇದ್ಯಾವುದಕ್ಕೂ ಅಲ್ಲ. ಬಿಲ್ ಹಾಕಿದರೆ ಸೀರೆಯ ನಿಜ ಬೆಲೆ ಅಳಿಯನಿಗೂ ಗೊತ್ತಾಗುತ್ತದೆ ಎಂದು ಗೆಳೆಯ ಅಂದಾಗ ಅವರು ಸುಮ್ಮನಾದರು.

ಕೌದಿಯ ಬೆಲೆ ಇನ್ನೂ ಕಠಿಣವಾಗಿತ್ತು. ಅದನ್ನು ಯಾರೂ ಕೊಂಡದ್ದಲ್ಲ. ಕಾಕು ಅವರ ಅತ್ತೆಯ ಹಳೇ ಸೀರೆಗಳನ್ನು ಪದರ ಪದರ ಹಾಕಿ ಮನೆಯಲ್ಲೇ ಹೊಲಿದದ್ದು. ‘ಇದಕ್ಕ ಬೆಲಿ ಎಲ್ಲಿಂದ ತರ್ಲಿ?’ ಎಂದರು. ಬೆಲೆ ಇಲ್ಲ ಎಂದು ಸೊನ್ನೆ ಬರೆಯಲು ಆಗುವುದಿಲ್ಲ, ಸೊನ್ನೆ ಕಂಡರೆ ಪಾರ್ಸೆಲ್ ಅಲ್ಲೇ ನಿಲ್ಲುತ್ತದೆ. ಇಂಥದ್ದೇ ಕೌದಿಯನ್ನು ಹೊಲಿಸಿಕೊಂಡರೆ ಧಾರವಾಡದಲ್ಲಿ ಎಷ್ಟು ಕೊಡಬೇಕು ಎಂದು ವಿಚಾರಿಸಿ 1,200 ಹಾಕಿದೆವು. ಮನೆಯಲ್ಲಿ ಕುಟ್ಟಿದ ಚಟ್ನಿಗೂ ಇದೇ ಲೆಕ್ಕ.

ಕೌಂಟರಿನಲ್ಲಿ

ತೂಕ ಮನೆಯ ತಕ್ಕಡಿಯಲ್ಲೇ ಮಾಡಿಕೊಂಡು ಹೋದೆವು. ಸಾಲುಗಳ ನಿವ್ವಳ ತೂಕ ಕೂಡಿದರೆ 5.7 ಕಿಲೋ, ಪೆಟ್ಟಿಗೆ ಸೇರಿ 6.3. ಒಟ್ಟು ತೂಕ ಎಂದರೆ ಪೆಟ್ಟಿಗೆ ಸೇರಿದ ತೂಕ, ನಿವ್ವಳ ಎಂದರೆ ಒಳಗಿನ ಸಾಮಾನಿನದ್ದು. ಇವೆರಡನ್ನೂ ಒಂದೇ ಎಂದು ಬರೆದ ಫಾರಂಗಳನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಕೈಬರಹದ ಫಾರಂಗಿಂತ ಕಂಪ್ಯೂಟರಿಗೆ ಹೋಗುವ ಮಾಹಿತಿಯೇ ಮುಖ್ಯ. 2021ರಿಂದ ವಿಶ್ವ ಅಂಚೆ ಒಕ್ಕೂಟದ ನಿಯಮದಂತೆ ಸರಕಿರುವ ಪ್ರತಿ ಅಂಚೆ ವಸ್ತುವಿನ ವಿವರವೂ ಮುಂಗಡವಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಹೋಗಬೇಕು. ಪೆಟ್ಟಿಗೆ ವಿಮಾನ ಹತ್ತುವ ಮೊದಲೇ ಅದರ ಸಾಲುಗಳು ಆ ದೇಶ ತಲುಪಿರುತ್ತವೆ, ಯಾವುದನ್ನು ನಿಲ್ಲಿಸಬೇಕು ಎಂಬ ತೀರ್ಮಾನ ಅಲ್ಲಿಂದಲೇ ಶುರು. ಹಾಗಾಗಿ ಕೌಂಟರಿನವರ ಮುಂದೆ ಟೈಪ್ ಮಾಡಿದ ಹಾಳೆಯಿಟ್ಟು, ಪರದೆಯ ಮೇಲೆ ಬಂದ ಸಾಲುಗಳನ್ನು ಗೆಳೆಯ ಒಂದೊಂದಾಗಿ ಓದಿ ನೋಡಿದ. ಒಂದು ಕಡೆ ‘ಟಾಯ್’ ಎಂದಷ್ಟೇ ಆಗಿತ್ತು, ಹೇಳಿದ ಕೂಡಲೇ ‘ವುಡನ್’ ಸೇರಿಸಿಕೊಟ್ಟರು. ಪಡೆಯುವವರ ಮೊಬೈಲ್ ಸಂಖ್ಯೆ, ಇಮೇಲ್ ಎರಡನ್ನೂ ಹಾಕಿಸಿದೆವು. ತೆರಿಗೆ ಕಟ್ಟಿ ಎಂಬ ಸೂಚನೆ ತಲುಪುವುದು ಅವರಿಗೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಮೂರು ವಾರದಷ್ಟು ಕಾಯುತ್ತಾರೆ, ಅಷ್ಟರಲ್ಲಿ ಕಟ್ಟದಿದ್ದರೆ ಪಾರ್ಸೆಲ್ ವಾಪಸು.

‘ಗಿಫ್ಟ್’ ಚೌಕಕ್ಕೆ ಗುರುತು ಹಾಕಿ, ತಲುಪದಿದ್ದರೆ ಕಳಿಸಿದವರಿಗೆ ಮರಳಿಸಿ ಎಂದು ಬರೆಸಿ, ಕಾಕು ಎಲ್ಲ ತುಂಬಿದ ಮೇಲೆ ಸಹಿ ಹಾಕಿದರು. ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಏನೆಂದು ಕೇಳಿಸಿಕೊಂಡರು. ಬಿಲ್ಲಿನ ಪ್ರತಿ, ಹಾಳೆಯ ಪ್ರತಿ ಪೆಟ್ಟಿಗೆಯ ಹೊರಗಿನ ಪ್ಲಾಸ್ಟಿಕ್ ಚೀಲದಲ್ಲಿ. ಇನ್ನೊಂದು ಜೊತೆ ಒಳಗೆ. ಫೋಟೊ ಮಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ.

ಏನಾಯಿತು

ತಡವಾಗಲಿಲ್ಲ. ಪೆಟ್ಟಿಗೆ ತೆರೆದ ಗುರುತಿರಲಿಲ್ಲ. ವ್ಯಾಟ್ ಬಿತ್ತು, ಬೀಳುತ್ತದೆ ಎಂದು ಮೊದಲೇ ಹೇಳಿದ್ದೆ. ಸೀರೆಯ ಮೇಲೆ 11 ಪೌಂಡ್ ಚಿಲ್ಲರೆ, ಅದರ ಜೊತೆ ಅಂಚೆ ವೆಚ್ಚದ ಪಾಲು, ಮೇಲೆ ಅಲ್ಲಿಯ ಅಂಚೆಯವರ ನಿರ್ವಹಣಾ ಶುಲ್ಕ, ಎಲ್ಲ ಸೇರಿ 30 ಪೌಂಡ್ ಎತ್ತಿಟ್ಟುಕೊಂಡಿರಲು ಮಗಳಿಗೆ ತಿಳಿಸಿದ್ದೆವು. ಬಿಲ್ ಅದರೊಳಗೇ ಬಂತು. ಹೆಚ್ಚಿಗೆ ಹಾಕಿದ್ದರೆ ಬಿಒಆರ್ 286 ಎಂಬ ಫಾರಂ ತುಂಬಿ ಬ್ರಿಟನ್ನಿನ ತೆರಿಗೆ ಇಲಾಖೆಯಿಂದ ಮರಳಿ ಕೇಳಬಹುದು. ಅದಕ್ಕೆ ಬೇಕಾಗುವುದು ಡಿಕ್ಲರೇಷನ್‌ನ ಪ್ರತಿ, ಬಿಲ್ಲು, ತೆರಿಗೆ ಕಟ್ಟಿದ ಚೀಟಿ. ಮೂರೂ ಮಗಳ ಫೋನಿನಲ್ಲಿ ಇದ್ದವು, ಬಳಸುವ ಪ್ರಸಂಗ ಬರಲಿಲ್ಲ.

ಈ ಪ್ರಕರಣದಲ್ಲಿ ಬ್ರಿಟನ್ನಿಗೆ ಮಾತ್ರ ಅನ್ವಯಿಸುವುದು ಯಾವುದು ಎಂದು ಬೇರ್ಪಡಿಸಿ ಹೇಳುವುದು ಒಳ್ಳೆಯದು, ಯಾಕೆಂದರೆ ಕಾಕು ಈಗಾಗಲೇ ಓಣಿಯ ನಾಲ್ಕಾರು ಮನೆಗೆ ಈ ಹಾಳೆಯ ಝೆರಾಕ್ಸ್ ಹಂಚಿದ್ದಾರೆ. 39 ಮತ್ತು 135 ಪೌಂಡ್ ಮಿತಿ, ಸೊನ್ನೆ ದರದ ವ್ಯಾಟ್ ಬ್ರಿಟನ್ನಿನವು. ಯುರೋಪಿಯನ್ ಒಕ್ಕೂಟದಲ್ಲಿ ಖಾಸಗಿ ಉಡುಗೊರೆಯ ಮಿತಿ 45 ಯುರೋ, ಹಾಲಿನ ಪದಾರ್ಥಕ್ಕೆ ಅಲ್ಲೂ ಅನುಮತಿ ಇಲ್ಲ. ಅಮೆರಿಕಕ್ಕೆ ಆಹಾರ ಕಳಿಸುವಾಗ ಅಲ್ಲಿಯ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಮುಂಗಡ ಸೂಚನೆ ಕೊಡಬೇಕು. ಒಬ್ಬರು ತಮ್ಮ ಮನೆಯಲ್ಲೇ ಮಾಡಿ ತಾವೇ ಉಡುಗೊರೆಯಾಗಿ ಕಳಿಸುವ ತಿನಿಸಿಗೆ ಅದರಿಂದ ವಿನಾಯಿತಿ ಇದೆ, ಅಂಗಡಿಯಿಂದ ಕೊಂಡು ಕಳಿಸಿದ್ದಕ್ಕೆ ಇಲ್ಲ. 800 ಡಾಲರ್‌ವರೆಗೆ ಸುಂಕವಿಲ್ಲ ಎಂಬ ಅಮೆರಿಕದ ಹಳೆಯ ಸವಲತ್ತನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಲಾಯಿತು. ಆಸ್ಟ್ರೇಲಿಯಾದವರು ಬೀಜ, ಬೇರು, ಮರದ ವಸ್ತುಗಳ ವಿಷಯದಲ್ಲಿ ಬ್ರಿಟನ್ನಿಗಿಂತ ಬಹಳ ಬಿಗಿ, ಅಲ್ಲಿಗಾದರೆ ಮರದ ಗಾಡಿಯ ಬಗ್ಗೆಯೂ ಎರಡು ಸಲ ಯೋಚಿಸುತ್ತಿದ್ದೆ.

ಝೆರಾಕ್ಸ್ ಪಡೆದವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿದ್ದರು. ಮಗ ಮೆಲ್ಬರ್ನ್‌ನಲ್ಲಿದ್ದಾನೆ, ಹಾಳೆಯಲ್ಲಿ ಊರಿನ ಹೆಸರು, ಬೆಲೆ ಬದಲಿಸಿ ಹಾಗೇ ಅಂಟಿಸಿದರೆ ಆದೀತಾ ಎಂದು ಕೇಳಿದರು. ಆಗುವುದಿಲ್ಲ, ಮೊದಲು ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ ಫೋಟೊ ಕಳಿಸಿ ಎಂದಿದ್ದೇನೆ.